ಕುಂಚಿಗೆಯ ಮಣಿ

ಯಾವ ಆಟಿಕೆ ಕೈಗೆ ಬಂದರೂ ಸೋದರತ್ತೆ ಮೊದಲು ಅದನ್ನು ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚುತ್ತಿದ್ದಳು. ಹೊಳ್ಳೆ ಅರಳಿ, ಹಸಿರು ಹರಳಿನ ಮೂಗುತಿ ಸ್ವಲ್ಪ ಮೇಲೇರುತ್ತಿತ್ತು. ವಾಸನೆಯಲ್ಲಿ ಪಾಸಾದರೆ ಉಗುರಿನಿಂದ ಬಣ್ಣ ಕೆರೆದು ನೋಡುವುದು, ಆಮೇಲೆ ಕೀಲುಗಳನ್ನು ಹಿಡಿದು ಜಗ್ಗುವುದು.

ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದಳು. ಮಕ್ಕಳಿರಲಿಲ್ಲ. ವಿದ್ಯಾಗಿರಿಯಲ್ಲಿ ನನ್ನ ತವರಿನ ಹಿಂದಿನ ಓಣಿಯಲ್ಲೇ ಅವಳ ಮನೆ. ನಾನು ಹೆರಿಗೆಗೆ ಬಂದಾಗ ಕೂಸಿನ ಸಾಮಾನು ಕೊಳ್ಳಲು ಅವಳೇ ಜೊತೆಗೆ ಹೊರಟಳು. ಅಂಗಡಿಯವನು ಗಾಲಿ ಇರುವ ವಾಕರ್ ತೋರಿಸಿದ.

“ಇದನ್ನ ನಿಮ್ಮ ಕೂಸಿಗೆ ಕೊಟ್ಟಿದ್ರೇನ್ರಿ?”

“ನಮ್ಮ ಕೂಸು ಈಗ ಕಾಲೇಜಿಗೆ ಹೊಂಟಾನ್ರಿ ಬಾಯಾರ.”

“ಹಂಗಾರ ಅವಗ ಬೈಕ್ ಕೊಡಸ್ರಿ. ನಮ್ಮನ್ಯಾಗ ಪಾವಟಿಗಿ ಅದಾವ. ಕೂಸು ಗಾಲಿ ಮ್ಯಾಲ ಓಡಿ ಮೆಟ್ಟಲಿಂದ ಬಿದ್ರ ಹಿಡಿಯಾಕ ನೀವು ಬರ್ತೀರೇನು?”

ಅವನು ಸುರಕ್ಷತೆಯ ಗುರುತು ತೋರಿಸಿದರೆ, “ಚೀಟಿ ಹಚ್ಚಾಕ ಅಂಟು ಇದ್ರ ಸಾಕು” ಎಂದಳು. ನನಗೆ ನಗು ಬಂತು. ನಾಚಿಕೆಯೂ ಆಗಿರಬೇಕು.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಇಳಕಲ್ಲಿನಿಂದ ನನ್ನ ಗಂಡನ ಮನೆಯವರೆಲ್ಲ ಬಂದು ಕೂತಿದ್ದರು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆಯನ್ನು ತವರಿನವರು ಕೊಡಬೇಕು. ಗುಳೇದಗುಡ್ಡದವಳಾದ ಅವ್ವ, ತನ್ನೂರಿನ ಖಣದ ಬಟ್ಟೆ ತರಿಸಿ, ಅಂಚಿಗೆ ಮಣಿ ಕೂಡಿಸಿ, ಗದ್ದದ ಕೆಳಗೆ ಕಟ್ಟಲು ಕಸಿ ಇಟ್ಟು ಕೈಯಿಂದಲೇ ಹೊಲಿದಿದ್ದಳು. ಎಲ್ಲರೂ ಹೊಗಳುತ್ತ ಕೈಯಿಂದ ಕೈಗೆ ದಾಟಿಸಿದರು. ಸೋದರತ್ತೆಯ ಕೈಗೆ ಬಂದಾಗ ಅವಳು ಒಂದು ಮಣಿ ಹಿಡಿದು ಜಗ್ಗಿದಳು. ಕಿತ್ತು ಬಂತು.

“ನನ್ನ ಕೈಮ್ಯಾಲೂ ಸಂಶೆ ಏನು ನಿನಗ?” ಎಂದಳು ಅವ್ವ.

“ನಿಮ್ಮ ಕೈಮ್ಯಾಲ ಅಲ್ರಿ ವೈನಿ, ದಾರದ ಮ್ಯಾಲ. ಕೂಸು ಬಾಯಾಗ ಹಾಕ್ಕೊಂಡ್ರ?”

“ನೀ ಜಗ್ಗಿದಂಗ ಜಗ್ಗಿದ್ರ ಗ್ವಾಡಿನೂ ಕಿತ್ತ ಬರತೈತಿ!”

ಹಿಂದಿನಿಂದ ಯಾರೋ, “ಮಕ್ಕಳಿಲ್ಲದಾಕಿ, ನೋಡಲಾರದ ಹರದ್ಲು” ಎಂದರು. ಯಾರ ದನಿಯೆಂದು ನನಗೆ ನೆನಪಿಲ್ಲ. ಮಣಿ ನೆಲಕ್ಕೆ ಬಿದ್ದು ಪುಟಿದ ಸದ್ದು ಮಾತ್ರ ಇನ್ನೂ ಕೇಳುತ್ತದೆ. ಅವ್ವನ ಪ್ರಕಾರ ಮಣಿ ಬೀಳಲೇ ಇಲ್ಲ, ಅತ್ತೆಯ ಮುಷ್ಟಿಯಲ್ಲೇ ಇತ್ತು. ಅದು ಮೊದಲೇ ಸಡಿಲವಿತ್ತೋ, ಅವಳ ಬಲಕ್ಕೆ ಹರಿಯಿತೋ, ಇವತ್ತಿಗೂ ತಿಳಿಯದು. ಉಳಿದ ಮಣಿಗಳನ್ನು ನಾನು ಆಮೇಲೆ ಜಗ್ಗಿ ನೋಡಿದ್ದೇನೆ, ಎಲ್ಲ ಗಟ್ಟಿ. ಆದರೆ ಅಷ್ಟರಲ್ಲಿ ಅವ್ವ ಎಲ್ಲವನ್ನೂ ಹೊಸ ದಾರದಿಂದ ಬಿಗಿದಿದ್ದಳು.

ಆಮೇಲೆ ಮನೆಯಲ್ಲಿ ಎರಡು ಅನುಮಾನಗಳು ಓಡಾಡಿದವು. ಅವ್ವ ಕೂಸಿಗೆ ಹಚ್ಚುವ ಕಾಡಿಗೆಯ ಡಬ್ಬಿಯನ್ನು ಅತ್ತೆ ಮೂಸುತ್ತಿದ್ದಳು. ಅತ್ತೆ ಕೂಸನ್ನು ಎತ್ತಿಕೊಂಡರೆ ಅವ್ವ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಒಂದು ದಿನ ಅವ್ವ ಕುಂಚಿಗೆಯನ್ನು ಅವಳ ತೊಡೆಯ ಮೇಲೆ ಎಸೆದಳು.

“ಜಗ್ಗು. ಬೇಕಾದಷ್ಟು ಜಗ್ಗು.”

ಅತ್ತೆ ಒಂದನ್ನೂ ಬಿಡದೆ ಜಗ್ಗಿದಳು. “ಮಣಿ ಗಟ್ಟಿ ಅದಾವ್ರಿ ವೈನಿ. ಕಸಿ ಉದ್ದ ಆತು. ನಿದ್ದ್ಯಾಗ ಕುತ್ತಿಗಿಗೆ ಸುತಗೊಂಡ್ರ?”

ಅವ್ವ ಅಡುಗೆಮನೆಗೆ ಹೋದಳು. ಆದರೆ ಆ ಸಂಜೆ ಕೂಸನ್ನು ಮಲಗಿಸುವ ಮೊದಲು ಅವಳೇ ಕುಂಚಿಗೆ ಬಿಚ್ಚುವುದನ್ನು ಕಂಡೆ. ನಾನು ನೋಡಿದ್ದು ಗೊತ್ತಾಗಿ, “ಸೆಕಿ ಭಾಳ ಐತಿ” ಎಂದಳು. ಅದು ಚಳಿಗಾಲ, ಅಷ್ಟಂತೂ ನನಗೆ ಖಾತ್ರಿ. ಇದನ್ನು ಅವಳು ಅತ್ತೆಗೆ ಎಂದೂ ಹೇಳಲಿಲ್ಲ.

ಮಗಳಿಗೆ ಏನೂ ಆಗಲಿಲ್ಲ. ಆಗದೇ ಹೋದದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಅತ್ತೆಯ ಋಣ ಅಂಥದ್ದು, ತೋರಿಸಲು ಸಾಕ್ಷಿಯಿಲ್ಲ.

ಹೋದ ವರ್ಷ ಅವಳು ದವಾಖಾನೆ ಸೇರಿದಳು. ನಾನೊಬ್ಬಳೇ ಹೋಗಿದ್ದೆ. ಮಗಳು ಶಾಲೆಗೆ ಹೋಗುತ್ತಿದ್ದರೂ ಅತ್ತೆಗೆ ಇನ್ನೂ ಕೂಸೇ.

“ಕೂಸಿನ್ನ ಯಾರ ಹತ್ರ ಬಿಟ್ಟು ಬಂದಿ?”

“ಅವ್ವನ ಹತ್ರ.”

“ವೈನಿ ಅದಾರಂದ್ರ ಚಿಂತಿಲ್ಲ” ಎಂದು ಕಣ್ಣು ಮುಚ್ಚಿದಳು. ಆ ವಾರವೇ ತೀರಿಕೊಂಡಳು.

ಅವಳ ಆ ಮಾತನ್ನು ಅವ್ವನಿಗೆ ಹೇಳಿದರೆ ನನ್ನ ಮುಖವನ್ನೇ ದಿಟ್ಟಿಸಿದಳು. “ಆಕಿ ಹಂಗ ಅನ್ನಾಕಿ ಅಲ್ಲ. ನೀನ ಹುಟ್ಟಿಸಿ ಹೇಳ್ತೀ.”

“ಖರೇನ ಅಂದ್ಲವ್ವ.”

ನಂಬಿದಳೋ ಇಲ್ಲವೋ ಗೊತ್ತಿಲ್ಲ. ಈಗಲೂ ಕೈಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ಹತ್ತಿರ ಬಂದು ಕೂತು, “ಏನಂದ್ಲು? ಇನ್ನೊಮ್ಮಿ ಹೇಳು” ಎನ್ನುತ್ತಾಳೆ.