ಹೆಸರು ಕೇಳದ ಗೆಳೆಯರು

ಹಡಗಿನ ಅಡುಗೆಮನೆಯಲ್ಲಿ ಅರ್ಧ ಆಯುಸ್ಸು ಸವೆಸಿ ಬಂದವನಿಗೆ ಮನೆಯ ಅಡುಗೆಮನೆ ಬೆಂಕಿಪೊಟ್ಟಣದಷ್ಟು ಕಂಡರೆ ಅಚ್ಚರಿಯೇನು? ಆ ಅಡುಗೆಯವನು ಒಳಗೆ ಕಾಲಿಟ್ಟನೆಂದರೆ ಒಂದೋ ಪಾತ್ರೆ ಉರುಳಬೇಕು, ಇಲ್ಲವೇ ಹೆಂಡತಿಯ ಬಾಯಿ ತೆರೆಯಬೇಕು. ನೆಲ ಅಲುಗದಿದ್ದರೆ ಅವನಿಗೆ ಈರುಳ್ಳಿಯನ್ನೂ ನೆಟ್ಟಗೆ ಹೆಚ್ಚಲು ಬಾರದು. ಹೋಗಲಿ ಎಂದು ಕುರ್ಚಿಯ ಮೇಲೆ ಕೂತರೆ ಕೈ ಸುಮ್ಮನಿರದು, ಗಾಳಿಯಲ್ಲೇ ಏನನ್ನೋ ತಿರುವುತ್ತಿರುತ್ತದೆ.

ಕಣ್ಣಿನ ಡಾಕ್ಟರು ಮಾತನ್ನು ಅಡ್ಡಗೋಡೆಯ ಮೇಲಿಡುವವರಲ್ಲ. ಎಡಗಣ್ಣು ಹೋದ ಹಾಗೇ ಬಲಗಣ್ಣೂ ಹೋಗುತ್ತದೆ, ತಡೆಯುವ ಮದ್ದಿಲ್ಲ, ನೋಡಬೇಕಾದ್ದನ್ನು ಈಗಲೇ ನೋಡಿಕೊಳ್ಳಿ ಎಂದುಬಿಟ್ಟರು. ಮನೆಗೆ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಹೆಂಡತಿಗೆ ಹೇಳಿದ:

"ಮೂವರ ಮುಖ ನೋಡಿ ಬರ್ಬೇಕು ಕಣೇ. ಕಣ್ಣಿರೋವಾಗ್ಲೇ."

"ಇಷ್ಟು ವರ್ಷದಿಂದ ಎದುರಿಗಿರೋ ಈ ಮುಖ ಸಾಲ್ದಾ ನಿಮಗೆ?"

"ನಿನ್ನ ಮುಖ ಕಣ್ಣು ಮುಚ್ಚಿದ್ರೂ ಕಾಣುತ್ತೆ. ಅದೇ ತೊಂದ್ರೆ."

ಅವಳು ಒಂದು ಸಲ ದುರುಗುಟ್ಟಿ ನೋಡಿದಳು. ಆಮೇಲೆ ತಾನೇ ಸ್ಟೂಲು ಹತ್ತಿ, ಅಟ್ಟದ ಮೇಲಿದ್ದ ಸೂಟ್‌ಕೇಸು ಇಳಿಸಿ, ಧೂಳು ಕೊಡವಿ ಬಿಸಿಲಿಗಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ, ಎರಡು ಉಣ್ಣೆಯ ಅಂಗಿಯನ್ನೂ ತೊಳೆದು ಹಾಕಿದಳು.

ರಾತ್ರಿಯ ಊಟವಾದ ಮೇಲೆ ಅಡುಗೆಯವನು ಮೇಜಿನ ಮೇಲೆ ಲೋಟಗಳನ್ನಿಟ್ಟು ದಾರಿ ಹಾಕಿದ. ಉಪ್ಪಿನ ಡಬ್ಬಿ ತಮ್ಮ ಮನೆ. ಸ್ಟೀಲಿನ ಲೋಟ ಮಸಿಯ ದ್ವೀಪ. ಮಸಿ ಇಂಜಿನ್ ಕೋಣೆಯವನು, ದಿನವೂ ಸೋಪಿಗಾಗಿ ಇವನ ಹತ್ತಿರ ಜಗಳ ಕಾಯುತ್ತಿದ್ದವನು. ಅಲ್ಲಿಂದ ಹಿಮ ಬೀಳುವ ಕಡೆಗೆ, ಗಾಜಿನ ಲೋಟಕ್ಕೆ. ಅದು ಬಡಗಿಯ ನಾಡು. ಇವನು ಜ್ವರದಲ್ಲಿ ಮಲಗಿದಾಗ ಉಳಿ ಕೆಳಗಿಟ್ಟು ಇಡೀ ಹಡಗಿಗೆ ಗಂಜಿ ಬೇಯಿಸಿ, ತಳ ಹಿಡಿಸಿ, ಎಲ್ಲರಿಂದ ಬೈಸಿಕೊಂಡ ಪುಣ್ಯಾತ್ಮ. ಕೊನೆಗೆ ಹಿಡಿ ಮುರಿದ ಕಪ್ಪು: ನದಿ ಸಮುದ್ರ ಸೇರುವ ಕಡೆ ಗೂಬೆಯ ಊರು. ಗೂಬೆ ರಾತ್ರಿ ಪಾಳಿಯ ಕಾವಲಿನವನು. ನಸುಕಿನಲ್ಲಿ ಅಡುಗೆಮನೆಗೆ ಬಂದು ಮೊದಲ ಬ್ರೆಡ್ಡಿನ ತುದಿ ಮುರಿದು ತಿನ್ನುವುದು ಅವನ ಹಕ್ಕು.

ಮಾರನೆಯ ದಿನ ಪ್ರಯಾಣದ ಆಫೀಸಿಗೆ ಹೋದ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಒಳ್ಳೆಯವಳು. ಕುರ್ಚಿ ಎಳೆದುಕೊಟ್ಟು ಕೇಳಿದಳು:

"ಮೊದಲನೇ ದೇಶದಲ್ಲಿ ಯಾರ ಮನೇಲಿ ಇರ್ತೀರಿ, ತಾತ?"

"ಮಸಿ ಮನೇಲಿ."

"ಅದು ಹೆಸರಾ?"

"ಮತ್ತೇನಮ್ಮಾ? ಮೈಯೆಲ್ಲ ಮಸಿ. ಸಮುದ್ರಕ್ಕೆ ಅದ್ದಿದ್ರೆ ಸಮುದ್ರವೇ ಕಪ್ಪಾಗ್ಬೇಕು."

"ಪೂರ್ತಿ ಹೆಸರು, ವಿಳಾಸ ಬೇಕು ತಾತ. ಅವರೇ ನಿಮ್ಮನ್ನ ಕರೆದಿದಾರೆ ಅಂತ ತೋರಿಸ್ಬೇಕು."

ಅವನು ತಲೆ ಕೆರೆದುಕೊಂಡ. "ಅದನ್ನ ಆಮೇಲೆ ಹೇಳ್ತೀನಿ."

"ಎರಡನೇದು?"

"ಬಡಗಿ."

"ಮೂರನೇದು?"

ಈ ಸಲ ಅವನು ಮೇಜಿನ ಕಡೆ ನೋಡುತ್ತಾ, "ಗೂಬೆ," ಎಂದ.

ಹುಡುಗಿ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಎದ್ದು ಬರುತ್ತಿದ್ದ. "ಹೋಟೆಲ್ ಬುಕ್ ಮಾಡಿಕೊಂಡೂ ಹೋಗ್ಬಹುದು," ಎಂದಳು ಮೆಲ್ಲಗೆ. "ಆದ್ರೆ ಅಲ್ಲಿ ಇಳಿದು ಯಾರನ್ನ ಅಂತ ಕೇಳ್ತೀರಿ?"

ವಿಷಯ ತಿಳಿದ ಹೆಂಡತಿ ಕೈಲಿದ್ದ ತಟ್ಟೆಯನ್ನು ಕುಕ್ಕಿದಳು. "ಅಲ್ಲರೀ, ಅಷ್ಟು ವರ್ಷ ಒಂದೇ ಪಾತ್ರೇಲಿ ಉಂಡವ್ರು! ಹೆಸರು ಗೊತ್ತಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ನಾನು ಬೀದಿ ನಾಯಿಗಳ ಹೆಸರೂ ಹೇಳ್ತೀನಿ."

"ಕೇಳ್ಬಾರ್ದಿತ್ತು ಕಣೇ."

ಆ ಹಡಗಿನ ಕಟ್ಟಳೆ ಹಾಗಿತ್ತು. ತಾಯಿ ಇಟ್ಟ ಹೆಸರನ್ನು ಅಲ್ಲಿ ಗಟ್ಟಿಯಾಗಿ ಕೂಗುತ್ತಿದ್ದುದು ಒಂದೇ ಹೊತ್ತಿನಲ್ಲಿ, ಸತ್ತವನನ್ನು ನೀರಿಗಿಳಿಸುವಾಗ. ಬಟ್ಟೆ ಸುತ್ತಿದ ಹೆಣದ ಪಕ್ಕ ನಿಂತು ಕಪ್ತಾನ ಹೆಸರು ಓದಿದಾಗಲೇ ಉಳಿದವರಿಗೆ, ಓಹೋ, ಇವನು ಇಂಥವನೇ ಎಂದು ತಿಳಿಯುತ್ತಿತ್ತು. ಬದುಕಿರುವವನ ಹೆಸರು ಕೇಳಿದರೆ ಅವನ ಸಾವನ್ನು ಕೂಗಿ ಕರೆದ ಹಾಗೆ. ಮಸಿ, ಬಡಗಿ, ಗೂಬೆಯರ ಹೆಸರು ತನಗೆ ಗೊತ್ತಾಗಲಿಲ್ಲವಲ್ಲ ಎಂದು ಅವನು ಹಡಗಿಳಿಯುವಾಗ ಹಿಗ್ಗಿದ್ದ! ನಾಲ್ವರೂ ಜೀವಂತ ಇಳಿದೆವು ಎಂದು ತಬ್ಬಿಕೊಂಡಿದ್ದರು. ಬಾ ಬಾ ಎಂದು ಒಬ್ಬರನ್ನೊಬ್ಬರು ಕರೆದಿದ್ದರು. ಯಾವ ಬೀದಿಗೆ, ಯಾವ ಮನೆಗೆ ಎಂದು ಯಾರೂ ಕೇಳಲಿಲ್ಲ. ಆ ಹಡಗನ್ನು ಒಡೆದು ಗುಜರಿಗೆ ಹಾಕಿ ಎಷ್ಟೋ ಕಾಲವಾಗಿತ್ತು. ಅದರ ಕಂಪನಿಯೂ ಮುಳುಗಿ, ಆಫೀಸಿದ್ದ ಕಡೆ ಈಗ ಸೋಫಾ ಮಾರುತ್ತಿದ್ದರು.

ಆದರೂ ಆಸೆ ಎಂಬುದು ಕೆಟ್ಟ ನೆಂಟ, ಬೈದರೂ ಎದ್ದು ಹೋಗದು. ಈಗಿನ ಹಡಗಿನವರ ಕೈಲಿ ಸುದ್ದಿ ಕಳಿಸೋಣವೆಂದು ಅವನು ಬಂದರಿನ ಗೇಟಿಗೆ ಹೋದ. ಬೂತಿನಲ್ಲಿದ್ದ ನರೆತ ಮೀಸೆಯ ಕಾವಲುಗಾರ ಎಲ್ಲವನ್ನೂ ಕೇಳಿ ಹೇಳಿದ:

"ಈಗಿನ ಹಡಗಿನವರು ದಡಕ್ಕೇ ಇಳಿಯಲ್ಲ ಅಜ್ಜ. ಪೆಟ್ಟಿಗೆ ಇಳೀತು, ಪೆಟ್ಟಿಗೆ ಹತ್ತಿತು, ಹೊರಟ್ರು. ಯಾರ ಕೈಲಿ ಹೇಳಿ ಕಳಿಸ್ತೀರಿ? ಅಂದ ಹಾಗೆ ನಿಮ್ಮನ್ನೇನಂತ ಕರೀತಿದ್ರು?"

"ಸೌಟು."

ಕಾವಲುಗಾರನ ಮುಖದಲ್ಲಿ ಏನೋ ಅಲುಗಿತು. "ಸೌಟು ಅಂದ್ರೆ... ಹಿಂಗಾ?" ಎಂದು ಮುಷ್ಟಿ ಕಟ್ಟಿ ಗಾಳಿಯಲ್ಲಿ ತಿರುವಿದ.

"ಹೌದು. ಯಾಕೆ?"

"ಒಬ್ಬ ಬಂದಿದ್ದ ಅಜ್ಜ. ಎರಡು ಮೂರು ವರ್ಷವಾಯ್ತೇನೋ. ಹೊರದೇಶದ ಮುದುಕ, ಕೈಲಿ ಚೀಲ. ಮಾತು ತಿಳೀಲಿಲ್ಲ. ಹಿಂಗೇ ಕೈ ತಿರುವಿ ತಿರುವಿ ತೋರಿಸ್ದ. ಪಾಪ, ಹಸಿದಿದಾನೆ ಅಂದ್ಕೊಂಡೆ. ಆ ಎದುರಿನ ಹೋಟೆಲಿಗೆ ಕರ್ಕೊಂಡು ಹೋಗಿ ಕೂರಿಸ್ದೆ."

ಅಡುಗೆಯವನು ಬೂತಿನ ಕಂಬಿ ಹಿಡಿದುಕೊಂಡ. "ಊಟ ಮಾಡಿದ್ನಾ?"

"ತಟ್ಟೆ ಮುಂದೆ ಅಳ್ತಾ ಕೂತಿದ್ದ ಅಂತ ಹೋಟೆಲಿನವ್ನು ಹೇಳ್ದ. ಮಾರನೇ ದಿನವೂ ಬಂದಿದ್ದ. ಆಮೇಲೆ ಕಾಣ್ಲಿಲ್ಲ."

"ಎತ್ತರ ಇದ್ನಾ, ಕುಳ್ಳನಾ?"

"ಬಗ್ಗಿದ್ದ. ಮುದುಕರೆಲ್ಲ ಒಂದೇ ಎತ್ತರ ಅಜ್ಜ."

"ಯಾವ ಕೈಲಿ ತಿರುವಿದ ತಮ್ಮಾ? ಮಸಿ ಎಡಚ. ನೆನಪು ಮಾಡ್ಕೋ, ಯಾವ ಕೈ?"

ಕಾವಲುಗಾರ ಬಲಗೈ ಎತ್ತಿ ತಿರುವಿ ನೋಡಿದ. ಅದನ್ನಿಳಿಸಿ ಎಡಗೈ ಎತ್ತಿದ. ಆಮೇಲೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, "ತಪ್ಪಾಯ್ತು ಅಜ್ಜ," ಎಂದ.

ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ ಕುಟುಕುವುದು ಬಿಟ್ಟು ಅವನ ಪಕ್ಕ ಬಂದು ಕೂತಳು. "ಇನ್ನೊಂದು ಸಲ ಬಂದ್ರೂ ಬರಬಹುದು," ಎಂದಳು, ತನಗೇ ನಂಬಿಕೆಯಿಲ್ಲದ ದನಿಯಲ್ಲಿ. "ನಮ್ಮ ವಯಸ್ಸಿನವ್ರು ಎರಡು ಸಲ ಸಮುದ್ರ ದಾಟಲ್ಲ ಕಣೇ," ಎಂದ ಅವನು.

ಆದರೂ ಮನೆಯ ಗುರುತನ್ನು ಕಾವಲುಗಾರನಿಗೆ ಬಾಯಿಪಾಠ ಮಾಡಿಸಿ ಬಂದ. ಕಾವಲುಗಾರ ನಿವೃತ್ತನಾಗುವವರೆಗೂ ಅಡುಗೆಯವನು ವಾರಕ್ಕೊಮ್ಮೆ ಗೇಟಿಗೆ ಹೋಗುತ್ತಿದ್ದ; ಕಣ್ಣು ಮಂಜಾದಂತೆ ಹೋಗುವಾಗ ಹೆಂಡತಿಯ ಭುಜ ಹಿಡಿಯಬೇಕಾಯಿತು, ಬರುವಾಗಲೂ. ಈಗ ಆ ಬೂತಿಲ್ಲ. ಕಾರ್ಡು ಒತ್ತಿದರೆ ಮೇಲೇಳುವ ಕಂಬಿ ಹಾಕಿದ್ದಾರೆ, ಅದರ ಮುಂದೆ ನಿಂತು ಯಾರು ಯಾವ ಕೈ ತಿರುವಿದರೂ ಅದು ಅಲುಗದು. ಬಲಗಣ್ಣಿನ ಬೆಳಕೂ ಹೋದಮೇಲೆ ಅವನು ಕಿಟಕಿಯ ಪಕ್ಕ ಕೂರುತ್ತಾನೆ. ತಟ್ಟೆಯ ಮುಂದೆ ಅಳುತ್ತಾ ಕೂತ ಒಬ್ಬ ಮುದುಕ ಅವನಿಗೆ ಕಾಣುತ್ತಾನೆ. ಆ ಮುದುಕನಿಗೆ ಒಂದು ದಿನ ಮಸಿಯ ಮುಖವಿಟ್ಟು ನೋಡುತ್ತಾನೆ, ಒಂದು ದಿನ ಬಡಗಿಯದು, ಒಂದು ದಿನ ಗೂಬೆಯದು. ಯಾವುದೂ ಕೂರುವುದಿಲ್ಲ.