ಫೋನ್ ಇಟ್ಟುಬಿಟ್ಟ ನರ್ಸಕ್ಕ

ನರ್ಸಕ್ಕನ ಎದೆಯ ಮೇಲೆ ಪುಟ್ಟ ಗಡಿಯಾರವೊಂದು ಸದಾ ತಲೆಕೆಳಗಾಗಿ ತೂಗುತ್ತಿತ್ತು. ಯುಗಾದಿ ಊಟಕ್ಕೆ ರೇಷ್ಮೆ ಸೀರೆ ಉಟ್ಟು ಬಂದರೂ ಅದನ್ನು ಪಿನ್ನು ಹಾಕಿ ಸಿಕ್ಕಿಸಿಕೊಂಡೇ ಬರುವರು. ಎದುರಿನವರ ಮಾತು ಉದ್ದವಾದರೆ ಎರಡು ಬೆರಳಲ್ಲಿ ಅದನ್ನು ಮೇಲೆತ್ತಿ ನೋಡುವರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಅವರು ಅತಿ ಹೆಚ್ಚು ಸಲ ಗಡಿಯಾರ ಎತ್ತಿದ್ದು ಬಹುಶಃ ನನ್ನ ಮುಂದೆಯೇ.

ಉಡುಪಿ ಕಡೆಯ ಕ್ರಿಶ್ಚಿಯನ್ ಮನೆಯವರು. ವಿದ್ಯಾರ್ಥಿಗಳ ಆರೋಗ್ಯ ಕೇಂದ್ರದಲ್ಲಿ ನರ್ಸು. ಬೆಂಗಳೂರಿನವರ ನಡುವೆ ಹದವಾಗಿ ಮಾತಾಡುವರು. ಸಿಟ್ಟು ಬಂದರೆ ಮಾತ್ರ ಊರ ಕನ್ನಡ ಹೊರಗೆ ಬರುತ್ತಿತ್ತು.

ಆಗಿನ್ನೂ ಎರಡು ಸಾವಿರದ ದಶಕ. ನಾನು ಪಿಎಚ್‌ಡಿ ಮಾಡುತ್ತಿದ್ದೆ. ಏಪ್ರಿಲ್ ಕೊನೆಯ ದಿನ ವಾಲ್ಬೋರಿ ಹಬ್ಬ. ಚಳಿಗಾಲವನ್ನು ಬೀಳ್ಕೊಡುವ ನೆಪದಲ್ಲಿ ಅಂದು ವಿದ್ಯಾರ್ಥಿಗಳು ಬೆಳಗಿನ ತಿಂಡಿಗೇ ಶಾಂಪೇನ್ ಬಿಚ್ಚುತ್ತಾರೆ. ಅದಕ್ಕೆ ಮುಂಚೆ, ಅಲ್ಲಿ ಓದಲು ಬಂದಿದ್ದ ನಮ್ಮ ಕಡೆಯ ಹುಡುಗರಿಗೆ ಮದ್ಯ ಮತ್ತು ಮಾದಕ ವಸ್ತುಗಳ ಬಗ್ಗೆ ಅರಿವು ಮೂಡಿಸುವ ಕಾರ್ಯಕ್ರಮ ರೂಪಿಸುವ ಕೆಲಸ ನರ್ಸಕ್ಕನ ಪಾಲಿಗೆ ಬಂತು. ಅವರು ನನ್ನನ್ನೂ ಎಳೆದುಕೊಂಡರು. "ನೀವು ಹೇಗೂ ಎಲ್ಲದಕ್ಕೂ ಹೆದರ್ತೀರಿ. ಸ್ವಲ್ಪ ಉಪಯೋಗ ಆಗ್ಲಿ."

ಮೊದಲ ಫಿಕಾಕ್ಕೆ, ಅಂದರೆ ಕಾಫಿ, ಏಲಕ್ಕಿ ಬನ್ನಿನ ಜೊತೆ ನಡೆಯುವ ಇಲ್ಲಿನ ಮೀಟಿಂಗಿಗೆ, ನಾನು ಕೆಟ್ಟುಹೋದ ಲಿವರಿನ ದೊಡ್ಡ ಪೋಸ್ಟರು ಹಿಡಿದು ಹೋದೆ.

"ಇದನ್ನು ನೋಡಿ ಯಾರು ಗ್ಲಾಸು ಕೆಳಗಿಟ್ಟಿದ್ದಾರೆ ಡಾಕ್ಟ್ರೇ?" ಎಂದರು. ನಾನಿನ್ನೂ ಡಾಕ್ಟರಾಗಿಲ್ಲ ಎಂದು ನೆನಪಿಸಲೆಂದೇ ಅವರು ಹಾಗೆ ಕರೆಯುತ್ತಿದ್ದದ್ದು. "ಕುಡೀಬೇಡಿ ಅನ್ನೋಕೆ ಎಲ್ಲರ ಮನೇಲೂ ಅಮ್ಮ ಇದ್ದಾರೆ. ಬಿದ್ದವನ ಪಕ್ಕ ಕೂರೋರು ಯಾರು? ಅದನ್ನ ಪ್ಲಾನ್ ಮಾಡೋಣ."

ಹಾಗಾಗಿ ಪೋಸ್ಟರು ಹೋಗಿ ತಾಲೀಮು ಬಂತು. ಸೆಮಿನಾರ್ ಕೋಣೆಯ ನೆಲದ ಮೇಲೆ ಎಚ್ಚರ ತಪ್ಪಿದವನಾಗಿ ನಾನು ಮಲಗಿದೆ. ಹುಡುಗರು ನಗುತ್ತ, ನನ್ನ ತೂಕಕ್ಕೆ ಏದುಸಿರು ಬಿಡುತ್ತ, ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸಿದರು.

"ಸರಿ. ಈಗ ಮೊದಲು ಯಾರಿಗೆ ಫೋನು?" ನರ್ಸಕ್ಕ ಕೇಳಿದರು.

"ಸೀನಿಯರ್‌ಗೆ." "ರೂಮ್‌ಮೇಟ್‌ಗೆ." ಆಂಬುಲೆನ್ಸ್ ಎಂದು ಯಾರೂ ಅನ್ನಲಿಲ್ಲ. ಕೊನೆಗೆ ಒಬ್ಬ ಬಾಯಿಬಿಟ್ಟ. "ಆಂಬುಲೆನ್ಸ್ ಕರೆದ್ರೆ ಪೊಲೀಸ್ ಬರಲ್ವಾ ಸಿಸ್ಟರ್? ಇಲ್ಲಿ ಇರೋಕೆ ಕೊಟ್ಟ ಪರ್ಮಿಟ್ ಹೋದ್ರೆ? ಮನೇಲಿ ಗೊತ್ತಾದ್ರೆ?"

ನೆಲದ ಮೇಲೆ ಕಣ್ಣು ಮುಚ್ಚಿದ್ದ ನನಗೆ, ಅವನ ಮಾತು ಸರಿಯೇ ಅನ್ನಿಸಿತು.

"ಅವರು ಪರ್ಮಿಟ್ ಕೇಳುದಿಲ್ಲ. ಉಸಿರು ಉಂಟಾ ಅಂತ ಕೇಳ್ತಾರೆ," ನರ್ಸಕ್ಕನ ಊರ ಕನ್ನಡ ಹೊರಬಿತ್ತು. "ಉಸಿರು ಹೋದವನಿಗೆ ಎಂತ ಪರ್ಮಿಟ್ ಮಾರಾಯ್ರೆ?"

ವಾಲ್ಬೋರಿ ಮಧ್ಯಾಹ್ನ. ಹಳದಿ ಜಾಕೆಟ್ ತೊಟ್ಟು ನದಿಯ ಪಕ್ಕದ ಪಾರ್ಕಿನಲ್ಲಿ ನೀರು, ಬಾಳೆಹಣ್ಣು ಹಂಚುತ್ತ, ಬಾಳೆಹಣ್ಣು ಸಾಲದೆ ಹೋದರೆ ಎಂದು ಚಿಂತಿಸುತ್ತಿದ್ದೆ. ತಾಲೀಮಿಗೆ ಬಂದಿದ್ದ ಹುಡುಗನೊಬ್ಬನ ಫೋನ್ ಬಂತು. "ಸರ್, ಸ್ವಲ್ಪ ಬರ್ತೀರಾ? ಯಾರಿಗೂ ಹೇಳ್ಬೇಡಿ."

ಪಾರ್ಕಿನ ಹಿಂದಿನ ಹಾಸ್ಟೆಲ್ಲು. ಪರದೆ ಎಳೆದ ಕೋಣೆಯಲ್ಲಿ ಒಬ್ಬ ಹುಡುಗ ಅಂಗಾತ ಬಿದ್ದಿದ್ದ. ಕುಡಿದದ್ದರ ಮೇಲೆ ಯಾರೋ ಕೊಟ್ಟ ಮಾತ್ರೆಯನ್ನೂ ನುಂಗಿದ್ದನಂತೆ. ತುಟಿ ನೀಲಿಗೆ ತಿರುಗಿತ್ತು. ತಾಲೀಮಿನಂತೆ ಮಗ್ಗುಲಿಗೆ ಹೊರಳಿಸಿದೆವು.

"ಮಲಗಿ ಎದ್ರೆ ಸರಿಹೋಗ್ತಾನೆ ಅಲ್ವಾ ಸರ್?" ಅವನ ಗೆಳೆಯ ನನ್ನ ತೋಳು ಹಿಡಿದುಕೊಂಡಿದ್ದ. "ಮುಂದಿನ ತಿಂಗಳು ಇವನ ಪರ್ಮಿಟ್ ರಿನ್ಯೂವಲ್ ಇದೆ."

ನಾನು ಫೋನ್ ಒತ್ತಿದೆ. ಆಂಬುಲೆನ್ಸಿಗಲ್ಲ, ನರ್ಸಕ್ಕನಿಗೆ.

"ನರ್ಸಕ್ಕ, ಇಲ್ಲೊಬ್ಬ ಏಳ್ತಾ ಇಲ್ಲ. ನೀವೊಂದ್ಸಲ ಬಂದು ನೋಡಿ ಹೇಳಿದ್ರೆ..."

"ಉಸಿರು?"

"ಇದೆ. ಬಿಟ್ಟು ಬಿಟ್ಟು."

"ಮತ್ತೆ ನನಗೆ ಎಂತಕ್ಕೆ ಮಾಡಿದ್ದು? ಒಂದು, ಒಂದು, ಎರಡು ಒತ್ತಿ. ನಾನು ಇಡ್ತೇನೆ."

ಇಟ್ಟೇಬಿಟ್ಟರು. ಸಮಾಧಾನದ ಒಂದು ಮಾತಿಗಾಗಿ ಫೋನನ್ನು ಇನ್ನೂ ಕಿವಿಗೆ ಒತ್ತಿಕೊಂಡೇ ಇದ್ದೆ. ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ, ಒತ್ತಿದೆ. ಆ ಕಡೆಯ ಹೆಣ್ಣುದನಿ ವಿಳಾಸ ಕೇಳಿತು, ಉಸಿರು ಕೇಳಿತು. ಅವನು ಉಸಿರೆಳೆದಾಗಲೆಲ್ಲ "ಈಗ" ಎನ್ನಿ ಎಂದಿತು. ನಾನು ಅವನ ಬಾಯಿಯ ಹತ್ತಿರ ಕಿವಿಯಿಟ್ಟೆ. ಈಗ. ಹೊರಗೆ ಪಾರ್ಕಿನಲ್ಲಿ ಯಾರೋ ಗುಂಪಾಗಿ ಹಾಡುತ್ತಿದ್ದರು. ಈಗ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ತೋಳು ಹಿಡಿದವನ ಉಗುರು ಜಾಕೆಟ್ಟಿನೊಳಕ್ಕೆ ಇಳಿಯಿತು. ಈಗ! ನಾನು ಕಿರುಚಿದ್ದು ಪಾರ್ಕಿಗೂ ಕೇಳಿಸಿರಬೇಕು.

ಆಂಬುಲೆನ್ಸ್ ಬಂತು. ಪರ್ಮಿಟ್ಟಿನ ಮಾತು ಯಾರೂ ಎತ್ತಲಿಲ್ಲ. ನರ್ಸಕ್ಕ ಸೈಕಲ್ ತುಳಿದು ಬರುವಷ್ಟರಲ್ಲಿ ಅವನನ್ನು ಕರೆದೊಯ್ದಾಗಿತ್ತು. ಅವರು ಯಾರನ್ನೂ ಬೈಯಲಿಲ್ಲ. ಮೆಟ್ಟಿಲ ಮೇಲೆ ಅಳುತ್ತಿದ್ದ ಗೆಳೆಯನ ಪಕ್ಕ ಹೋಗಿ ಕುಳಿತರು. ಹುಡುಗ ಉಳಿದ. ಮುಂದೆ ಅವನ ಪರ್ಮಿಟ್ಟೂ ರಿನ್ಯೂ ಆಯಿತು.

"ಹಾಗೆ ಫೋನ್ ಇಟ್ಟುಬಿಡೋದಾ ನರ್ಸಕ್ಕ?" ಎಂದು ಆಮೇಲೊಮ್ಮೆ ದೂರಿದೆ.

"ನಾನು ಇಡದಿದ್ರೆ ನೀವು ಇಡ್ತಿದ್ರಾ?"

ಕೆಲವು ವರ್ಷಗಳ ಹಿಂದೆ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಕಡೆಯ ದಿನಗಳಲ್ಲಿ ನೋಡಲು ಹೋದಾಗ ನಾನೇ ಹೆಚ್ಚು ಹೆದರಿದ್ದೆ. ಅವರೇ ನನಗೆ ಧೈರ್ಯ ಹೇಳಿ ಕಳಿಸಿದರು.

ಹೋದ ವರ್ಷ ಮಗಳು ಓದಲು ಬೇರೆ ಊರಿಗೆ ಹೊರಟಳು. ವಾರಗಟ್ಟಲೆ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ ಉಪದೇಶವನ್ನೆಲ್ಲ ನುಂಗಿಕೊಂಡು, ಸ್ಟೇಷನ್ನಿನಲ್ಲಿ ಒಂದೇ ಪ್ರಶ್ನೆ ಕೇಳಿದೆ. "ಫ್ರೆಂಡ್ ಒಬ್ಬಳು ಕುಡಿದು ಬಿದ್ದು ಏಳದಿದ್ರೆ, ಮೊದಲು ಯಾರಿಗೆ ಫೋನ್ ಮಾಡ್ತೀಯ?"

ಅವಳು ಕಣ್ಣು ಮೇಲೆ ಹೊರಳಿಸಿ ಸ್ವೀಡಿಷ್‌ನಲ್ಲಿ ಹೇಳಿದಳು: "ಒಂದು, ಒಂದು, ಎರಡಕ್ಕೆ. ನಿನಗಂತೂ ಅಲ್ಲ, ಅಪ್ಪ."

ಅಂದು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.