ವೀಕ್‌ನೆಸ್ ಅಂತ ಬರೆಯದ ಸುಬೇದಾರರು

ಅವರ ಎಡಗಿವಿಯ ಮೇಲ್ತುದಿ ಇರಲಿಲ್ಲ. ಇಲಿ ಕಚ್ಚಿದ ರೊಟ್ಟಿಯಂತೆ ಅಲ್ಲಿಗೆ ನಿಂತುಹೋಗಿತ್ತು. ಗಡಿಯ ಹಿಮದಲ್ಲಿ ಕಳೆದ ಒಂದು ಚಳಿಗಾಲ ಅದನ್ನು ತಿಂದಿತ್ತು. ಕನ್ನಡಕ ಆ ಬದಿಗೆ ಜಾರುತ್ತದೆಂದು ದಾರ ಕಟ್ಟಿ ತಲೆಯ ಹಿಂದಕ್ಕೆ ಬಿಗಿದಿರುತ್ತಿದ್ದರು.

ಸೈನ್ಯದಲ್ಲಿ ಗುಮಾಸ್ತಿಕೆ ಮಾಡಿ ಸುಬೇದಾರರಾಗಿ ನಿವೃತ್ತರಾದವರು. ಚಾಮರಾಜಪೇಟೆಯ ನನ್ನ ಜೆರಾಕ್ಸ್ ಅಂಗಡಿಗೆ ಮೊದಲ ಸಲ ಬಂದದ್ದು ಯಾರದೋ ಪಿಂಚಣಿ ಕಾಗದ ಹಿಡಿದುಕೊಂಡು. ಒಂದೊಂದು ಪ್ರತಿಯನ್ನೂ ಬೆಳಕಿಗೆ ಹಿಡಿದು ನೋಡಿ, ಮಸುಕಾದ ಎರಡನ್ನು ವಾಪಸ್ಸು ಕೊಟ್ಟರು. ಹಳ್ಳಿಯಿಂದ ಬರಿಗೈಲಿ ಬಂದು, ಹಳೆಯ ಮೆಷಿನ್ ಒಂದನ್ನು ಚೌಕಾಸಿ ಮಾಡಿ ತಂದು ಅಂಗಡಿ ಹಾಕಿದವನು ನಾನು. ಗಿರಾಕಿಯ ಮುಖ ನೋಡಿಯೇ ಆಳೆಂಥವನೆಂದು ಹೇಳಬಲ್ಲೆ. ಇವರು ತರಲೆ ಎಂದು ತೀರ್ಮಾನಿಸಿದ್ದೆ. ವರ್ಷ ತುಂಬುವುದರೊಳಗೆ ಮಾಜಿ ಸೈನಿಕರ ಪಿಂಚಣಿ ಅರ್ಜಿ ಬರೆದುಕೊಡಲು ಅಂಗಡಿಯ ಹಿಂಭಾಗದಲ್ಲಿ ಅವರಿಗೊಂದು ಮೇಜು ಹಾಕಿಕೊಟ್ಟಿದ್ದೆ. ಸುತ್ತ ಪರದೆ ಬೇಕು ಎಂದು ಅವರೇ ಹಟ ಹಿಡಿದು ಹಾಕಿಸಿಕೊಂಡರು.

ಪರದೆ ಯಾಕೆಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಪರದೆ ಬಟ್ಟೆಯದು, ಕಿವಿ ನನ್ನದು.

ಮಾವಳ್ಳಿ, ಶ್ರೀರಾಂಪುರ, ಬಸವನಗುಡಿ ಎಲ್ಲೆಲ್ಲಿಂದಲೋ ಮಾಜಿ ಸೈನಿಕರು ಬರುತ್ತಿದ್ದರು. ಮಂಡಿ, ಬೆನ್ನು, ಕಿವುಡುತನ, ಸಕ್ಕರೆ ಕಾಯಿಲೆ: ಅಂಗವೈಕಲ್ಯದ ಪಿಂಚಣಿಗೆ ಇವನ್ನೆಲ್ಲ ಗಟ್ಟಿಯಾಗಿಯೇ ಹೇಳುತ್ತಿದ್ದರು. ಸುಬೇದಾರರು ಬರೆದುಕೊಂಡು, ಪೆನ್ನು ಕೆಳಗಿಟ್ಟು, ಇನ್ನೇನಾದರೂ ಇದೆಯೇ ಎಂದು ಕೇಳಿ ಸುಮ್ಮನೆ ಕೂರುತ್ತಿದ್ದರು. ಆ ಮೌನ ನನ್ನಂಥ ವ್ಯಾಪಾರಿಗೂ ಕಷ್ಟ. ಕೊನೆಗೆ ಎದುರಿನವರು ಗಂಟಲು ಸರಿಮಾಡಿಕೊಂಡು, “ಸ್ವಲ್ಪ ವೀಕ್‌ನೆಸ್ ಇದೆ ಸಾರ್” ಅನ್ನುವರು.

“ವೀಕ್‌ನೆಸ್ ಅಂತ ಬರೆದ್ರೆ ಟಾನಿಕ್ ಕೊಟ್ಟು ಕಳಿಸ್ತಾರೆ,” ಎನ್ನುತ್ತಿದ್ದರು ಇವರು. “ಎಲ್ಲಿ ವೀಕ್, ಯಾವಾಗಿಂದ ವೀಕ್, ಯಾವ ಏಟಾದ ಮೇಲೆ? ಹೇಳಿ. ನನಗೂ ಇದೆ. ಸಕ್ಕರೆ ಬಂದು ಹನ್ನೊಂದು ವರ್ಷ, ಅದ್ರಿಂದ್ಲೇ.”

ಆಮೇಲೆ ತಮ್ಮ ಕಿವಿ ಮುಟ್ಟಿ ತೋರಿಸುವರು. “ಇದು ಹೋದದ್ದನ್ನ ಮದುವೆ ಮನೇಲೂ ಹೇಳ್ತೀನಿ, ಜನ ಬೆನ್ನು ತಟ್ತಾರೆ. ಸೊಂಟದ ಕೆಳಗೆ ಹೋದ್ರೆ ಮಾತ್ರ ನಾವೇ ಕಳ್ಳತನ ಮಾಡಿದೋರ ಥರ ಬಚ್ಚಿಡ್ತೀವಿ. ದೇಹ ಒಂದೇ ಅಲ್ವೇನ್ರೀ?”

ಅವರಿಗೊಂದು ನಿಯಮವಿತ್ತು. ಅರ್ಜಿ ಟೈಪಾದ ಮೇಲೆ ಅರ್ಜಿದಾರನೇ ಅದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಆ ಒಂದು ಸಾಲನ್ನು ನುಂಗಿ ಓದಿದರೆ ಮತ್ತೆ ಮೊದಲಿಂದ. ಇಲ್ಲಿ, ಕಿವಿ ಹೋದ ಮುದುಕನ ಎದುರಿಗೆ ಬಾಯಿ ಬಾರದಿದ್ದರೆ ವೈದ್ಯಕೀಯ ಮಂಡಳಿಯ ಎದುರಿಗೆ ಬರುತ್ತದೆಯೇ ಎಂಬುದು ಅವರ ವಾದ. ಎಷ್ಟೋ ಜನ ಓದಲಾರದೆ ಎದ್ದುಹೋಗಿ, ವಾರದ ಮೇಲೆ ತಿರುಗಿ ಬಂದಿದ್ದಾರೆ.

ಇದೆಲ್ಲ ಬೇರೆಯವರ ಮನೆಯ ವಿಷಯ ಎಂದುಕೊಂಡಿದ್ದೆ, ನನ್ನ ಭಾವ ಬರುವವರೆಗೆ. ಭಾವನ ಮತ್ತು ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಭಾವ ಸೈನ್ಯದಲ್ಲಿ ಡ್ರೈವರ್. ಬೆಟ್ಟದ ದಾರಿಯಲ್ಲಿ ಲಾರಿ ಉರುಳಿ ಸೊಂಟದ ಮೂಳೆ ಮುರಿದುಕೊಂಡು, ಅವಧಿಗೆ ಮುಂಚೆ ಊರಿಗೆ ಬಂದವನು. ಮಲ್ಲೇಶ್ವರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ. ಅಕ್ಕನಿಗೂ ಅವನಿಗೂ ಮಾತು ಕಡಿಮೆಯಾಗಿತ್ತು. ಅವನು ಹಾಲ್‌ನಲ್ಲಿ ಮಲಗುತ್ತಿದ್ದ. ಬೆನ್ನುನೋವಿಗೆ ನೆಲವೇ ಆಗಬೇಕು ಅನ್ನುತ್ತಿದ್ದ. ಒಂದು ಭಾನುವಾರ ಅಕ್ಕ ನನ್ನ ಮನೆಗೆ ಬಂದು ಬಟ್ಟೆಯ ಬ್ಯಾಗು ಕೆಳಗಿಟ್ಟಳು. “ಅವರಿಗೆ ನಾನು ಬೇಡ ಆಗಿದೀನಿ ಕಣೋ. ಬೇಡ ಅಂದ ಮನೇಲಿ ಎಷ್ಟು ದಿನ ಇರ್ಲಿ?” ಎಂದಳು.

ಜಗಳವಾಗಿರಬೇಕೆಂದು ನಾನು ಭಾವನನ್ನು ವಿಚಾರಿಸಿದೆ. ಪಿಂಚಣಿಯಲ್ಲಿ ಬೆನ್ನಿನದು ಮಾತ್ರ ಸೇರಿದೆ, ಇನ್ನೊಂದು ಬಿಟ್ಟುಹೋಗಿದೆ, ನಿನ್ನ ಸುಬೇದಾರರನ್ನು ಕಾಣಬೇಕು ಎಂದ. ಪರದೆಯ ಹೊರಗೆ ಇಷ್ಟು ವರ್ಷ ನಿಂತವನಿಗೆ ಇನ್ನೊಂದು ಯಾವುದೆಂದು ಹೊಳೆಯದೆ ಇರುತ್ತದೆಯೇ?

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಭಾವನನ್ನು ಒಳಗೆ ಕೂರಿಸುವ ಮೊದಲು ಸುಬೇದಾರರನ್ನು ಪಕ್ಕಕ್ಕೆ ಕರೆದು ನನ್ನ ವಿದ್ಯೆ ತೋರಿಸಿದೆ. ಆ ಸಾಲು ಬೇಡ, ನಮ್ಮ ಮನೆತನದ ಮರ್ಯಾದೆ. ಅದರ ಬದಲು ಬೆನ್ನನ್ನೇ ಜಾಸ್ತಿ ಮಾಡಿ, ಜೊತೆಗೊಂದು ಮಂಡಿ ಸೇರಿಸಿ. ಮಂಡಳಿಯವರು ಕಡಿತ ಮಾಡಿದರೂ ನಮಗೆ ಬೇಕಾದಷ್ಟು ಉಳಿಯುತ್ತದೆ ಎಂದೆ. ಜೀವಮಾನವಿಡೀ ನಾನು ವ್ಯಾಪಾರ ಕುದುರಿಸಿದ್ದೇ ಹಾಗೆ.

ಸುಬೇದಾರರು ಕನ್ನಡಕದ ದಾರ ಬಿಚ್ಚಿ ಒರೆಸಿ ಮತ್ತೆ ಕಟ್ಟಿಕೊಂಡರು. “ಅಂಗಡಿಯವ್ರೇ, ಇದು ಮಾರ್ಕೆಟ್ ಅಲ್ಲ. ಇಲ್ಲದ ಮಂಡಿ ನಾನು ಬರೆಯಲ್ಲ, ಇರೋ ನೋವು ಬಿಡಲ್ಲ. ನಿಮ್ಮ ಭಾವ ಈಗ್ಲಾದ್ರೂ ಬಾಯಿ ಬಿಡ್ತಾ ಇದಾನೆ. ನೀವು ಮುಚ್ಚಿಸ್ಬೇಡಿ.”

ನಾನು ಮುಂದಿನ ಕೌಂಟರಿಗೆ ಬಂದು ಸ್ಟೇಪ್ಲರ್‌ಗೆ ಪಿನ್ನು ತುಂಬುತ್ತ ಕುಳಿತೆ.

ಅದಾದ ಮೇಲೆ ಕೆಲಸ ತಿಂಗಳುಗಟ್ಟಲೆ ನಡೆಯಿತು. ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ’ದ ಚೀಟಿ ನೋಡಿ ಭಾವ ತರಿಸಿದ್ದ ಪುಡಿ ಪೊಟ್ಟಣಗಳನ್ನು ಸುಬೇದಾರರು ಮೊದಲು ಕಸದ ಬುಟ್ಟಿಗೆ ಹಾಕಿಸಿದರು. ಮಾಜಿ ಸೈನಿಕರ ಆಸ್ಪತ್ರೆಗೆ ತಾವೇ ಜೊತೆಗೆ ಹೋದರು. ಅಪಘಾತದಲ್ಲಿ ನರಕ್ಕೂ ಏಟಾಗಿದೆ ಎಂದು ತಜ್ಞರು ಬರೆದುಕೊಟ್ಟರು. ಮಾತ್ರೆ ಶುರುವಾಯಿತು. ಹಳೆಯ ಕಾಗದಗಳ ನಡುವೆ ಲಾರಿ ಉರುಳಿದ ದಿನದ ವರದಿ ಸಿಕ್ಕಾಗ ಸುಬೇದಾರರು ಅದರ ಐದು ಜೆರಾಕ್ಸ್ ತೆಗೆಸಿದರು. ನನ್ನ ಮಾತು ಕೇಳಿ, ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ. ಇದು ನಾನು ಅವರಿಂದ ಕಲಿತದ್ದು.

ಓದುವ ದಿನ ಬಂತು. ಮನೆಯವರು ಇರಬಹುದೇ, ಬೇಡವೇ ಎಂದು ಸುಬೇದಾರರು ಭಾವನನ್ನೇ ಕೇಳಿದರು. ಅವನು ತನ್ನ ಬೂಟು ನೋಡುತ್ತ, ಇರಲಿ ಎಂದ. ನಾನು ಹೋಗಿ ಅಕ್ಕನನ್ನು ಕರೆತಂದೆ. ಪರದೆಯೊಳಗೆ ಮೂರು ಕುರ್ಚಿ. ನಾನು ಕೌಂಟರಿನಲ್ಲಿ.

ಭಾವ ಇಂಗ್ಲಿಷ್‌ನಲ್ಲಿ ಓದತೊಡಗಿದ. ಹೆಸರು, ದಳ, ಸೇವಾವಧಿ ಎಲ್ಲ ಕವಾಯತಿನಂತೆ ಸರಾಗ. ಆ ಸಾಲಿಗೆ ಬಂದು ನಿಂತ. “ಮೊದಲಿಂದ,” ಎಂದರು ಸುಬೇದಾರರು. ಮತ್ತೆ ಓದಿದ, ಮತ್ತೆ ನಿಂತ. ಮೂರನೆಯ ಸಲ ಒಂದೇ ಉಸಿರಿಗೆ, ಎರೆಕ್ಟೈಲ್ ಡಿಸ್‌ಫಂಕ್ಷನ್, ಎಂದು ದಾಟಿಬಿಟ್ಟ. ನನಗೂ ಉಸಿರು ಬಂತು. ಮುಗಿಯಿತು ಎಂದುಕೊಂಡೆ.

ಆಗ ಅಕ್ಕ ಕೇಳಿದಳು. “ಹಂಗಂದ್ರೆ ಏನ್ರೀ?”

ಅವಳು ಓದಿದ್ದು ಏಳನೆಯ ಕ್ಲಾಸು. ಕಾಗದದ ಮೇಲೆ ದಾಟಿದ್ದನ್ನು ಭಾವ ಈಗ ಮನೆಮಾತಿನಲ್ಲಿ ಹೇಳಬೇಕಿತ್ತು. ಸುಬೇದಾರರು ಪರದೆ ಸರಿಸಿ ಹೊರಬಂದವರೇ ನನ್ನ ರಟ್ಟೆ ಹಿಡಿದರು. “ಏಳ್ರೀ, ಕಾಫಿ ಕುಡಿಯೋಣ. ಅಂಗಡಿ ಎಲ್ಲೂ ಓಡಿಹೋಗಲ್ಲ.” ಷಟರ್ ಅರ್ಧ ಇಳಿಸಿ ನನ್ನನ್ನು ಎದುರಿನ ದರ್ಶಿನಿಗೆ ಎಳೆದುಕೊಂಡು ಹೋದರು. ಭಾವ ಏನು ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾವು ತಿರುಗಿ ಬಂದಾಗ ಅಕ್ಕನ ಕಣ್ಣು ಕೆಂಪಗಿತ್ತು. ಭಾವನ ಕೈ ಅವಳ ಮಡಿಲಲ್ಲಿತ್ತು. “ಇಷ್ಟು ವರ್ಷ ಬೆನ್ನು ಬೆನ್ನು ಅಂತಿದ್ರಲ್ಲ, ನಾನೇನು ತಪ್ಪು ಮಾಡಿದ್ನೋ ಅಂತ ದಿನಾ ಯೋಚಿಸ್ತಿದ್ದೆ,” ಎಂದಳು, ಯಾರಿಗೆಂದಿಲ್ಲದೆ. ನನ್ನ ಮನೆಯಲ್ಲಿದ್ದ ಬ್ಯಾಗನ್ನು ಅವತ್ತೇ ಸಂಜೆ ಭಾವ ತಾನೇ ಹೊತ್ತುಕೊಂಡು ಹೋದ.

ಅರ್ಜಿ ಮೊದಲ ಸಲ ತಿರಸ್ಕೃತವಾಯಿತು, ಮೇಲ್ಮನವಿಯಲ್ಲಿ ಒಪ್ಪಿಗೆಯಾಯಿತು. ಮಂಡಳಿಯವರು ಕೇಳಿದ ಎಲ್ಲ ಪ್ರಶ್ನೆಗೂ ಭಾವ ತಲೆಯೆತ್ತಿ ಉತ್ತರ ಕೊಟ್ಟನಂತೆ. ಆದೇಶದ ಪತ್ರ ತಂದು ತೋರಿಸಿದಾಗ ಸುಬೇದಾರರು ಅದನ್ನು ಬೆಳಕಿಗೆ ಹಿಡಿದು, “ಅಕ್ಷರ ಚೆನ್ನಾಗಿ ಮೂಡಿದೆ,” ಎಂದರು. ಅವರು ಸಂತೋಷ ತೋರಿಸಿದ್ದು ಅಷ್ಟೇ.

ಹೋದ ವರ್ಷ ಅವರು ತೀರಿಕೊಂಡರು. ಹಿಂದಿನ ದಿನವೂ ಮೇಜಿನ ಎದುರು ಒಬ್ಬರನ್ನು ಕೂರಿಸಿಕೊಂಡು, ಇನ್ನೇನಾದರೂ ಇದೆಯೇ ಎಂದು ಕೇಳಿ ಕಾಯುತ್ತಿದ್ದರು. ಪರದೆಯನ್ನು ನಾನು ತೆಗೆದಿಲ್ಲ. ಈಗ ಭಾನುವಾರಗಳಲ್ಲಿ ಅಲ್ಲಿ ಭಾವ ಕೂರುತ್ತಾನೆ.

ಅವರಿಗೆ ನಾನು ತೀರಿಸಬೇಕಾದ ಸಾಲವೂ ಒಂದಿತ್ತು. ಸಕ್ಕರೆ ಕಾಯಿಲೆ ನನಗೂ ಬಂದು ಕೆಲವು ವರ್ಷವಾಯಿತು. ಈಚೆಗೆ ಡಾಕ್ಟರು, ಬೇರೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ ನನ್ನ ಬಾಯಿ ತಾನಾಗಿಯೇ, “ಸ್ವಲ್ಪ ವೀಕ್‌ನೆಸ್,” ಅಂದಿತು. ಅವರು ತಲೆಯಾಡಿಸಿ ಚೀಟಿ ಬರೆಯತೊಡಗಿದರು. ತಲೆಕೆಳಗಾಗಿ ಓದುವುದು ನನಗೆ ಕೌಂಟರಿನ ಅಭ್ಯಾಸ. ನೋಡಿದೆ: ಟಾನಿಕ್ಕು.

“ನಿಲ್ಸಿ ಡಾಕ್ಟ್ರೇ,” ಎಂದೆ. “ಮೊದಲಿಂದ ಹೇಳ್ತೀನಿ.”